ಕೊನೆಯ ಬೀಟೆ ಹಲಗೆ

ಫೆಬ್ರವರಿ 11, ಮಂಗಳವಾರ. ಬೆಳಿಗ್ಗೆ 10.20ಕ್ಕೆ ವಾಗೀಶ ಮಂಡಿ ಮೊಹಲ್ಲಾದ ಠಾಣೆಗೆ ದೂರು ತಂದರು. ಅವರ ತಾತ ಕಟ್ಟಿಸಿದ ಮರ ಕೊಯ್ಯುವ ಮಿಲ್ಲಿನಿಂದ ಆರಡಿ ಉದ್ದದ ಬೀಟೆ ಹಲಗೆಯೊಂದು ಕಳುವಾಗಿತ್ತು.

"ಒಂದು ಹಲಗೆ ತಾನೆ ಸಾರ್?" ಎಂದ ಕಾನ್‌ಸ್ಟೆಬಲ್ ಸಿದ್ದೇಶ್.

"ಕೊನೇದು ಕಣ್ರೀ! ಅಪ್ಪ ಹರಾಜಿನಲ್ಲಿ ಕೂಗಿ ತಂದ ದಿಮ್ಮಿದು. ಆಗ ಕಾಡಿನಿಂದ ದಿನಾ ಲಾರಿ ಬರೋದು. ಈಗ ಬರೀ ಪ್ಲೈವುಡ್ಡು. ಮುಂದಿನ ತಿಂಗಳು ಮಿಲ್ಲೇ ಮುಚ್ತಿದೀನಿ. ಆ ಹಲಗೇನ ರೆಸಾರ್ಟಿನೋರು ಕೇಳಿದ್ರು."

ಇನ್ಸ್‌ಪೆಕ್ಟರ್ ಪದ್ಮಾವತಿ ಎಫ್‌ಐಆರ್ ದಾಖಲಿಸಿ, 11.45ಕ್ಕೆ ಮಿಲ್ಲಿನಲ್ಲಿ ಪಂಚನಾಮೆ ನಡೆಸಿದರು. ಬೀಗ ಮುರಿದಿರಲಿಲ್ಲ. ಕೂಲಿಯಾಳು ಶಿವರಾಮುವನ್ನು ಕರೆದರು.

"ನಿನ್ನೆ ಯಾರು ಬಂದಿದ್ರು?"

"ಯಾರೂ ಇಲ್ಲ ಮೇಡಂ."

"ಗಾಡಿ?"

"ಒಂದು ಲಗೇಜ್ ಆಟೊ. ಪುಟ್ಟಮಾದಯ್ಯ ಮೇಸ್ತ್ರಿ ತಂದಿದ್ರು. ನಲವತ್ತು ವರ್ಷ ಇಲ್ಲೇ ಮರ ಕೊಯ್ದೋರು. ಹಲಗೆ ತಗೊಂಡೋದ್ರು. ನಾನೇ ಏರಿಸ್ಬುಟ್ಟೆ."

"ಮತ್ತೆ ಯಾರೂ ಬರಲಿಲ್ಲ ಅಂದ್ಯಲ್ಲಪ್ಪ!"

"ಮೇಸ್ತ್ರಿ ನಮ್ಮೋರಲ್ವಾ ಮೇಡಂ?"

ಸಿದ್ದೇಶ್ ಗೋಡೆಯ ಕಡೆ ತಿರುಗಿ ನಗು ನುಂಗಿದ.

1.10ಕ್ಕೆ ಬನ್ನಿಮಂಟಪದಲ್ಲಿ ಮೇಸ್ತ್ರಿಯ ಮನೆ. ಬಾಗಿಲು ತೆರೆದೇ ಇತ್ತು. ಚಾಪೆಯ ಮೇಲೆ ಹಲಗೆ. ಅದರ ಮುಂದೆ ಮೇಸ್ತ್ರಿಯ ಹೆಂಡತಿ ಚಲುವಮ್ಮ ಸೀಮೆಸುಣ್ಣ ಹಿಡಿದು ಕೂತಿದ್ದರು. ಬೀಟೆಯಲ್ಲಿ ಬಣ್ಣಬಣ್ಣದ ಮರದ ಚೂರು ಕೂರಿಸಿ ಚಿತ್ರ ಮಾಡುವುದು ಅವರ ಕಸುಬು. ಮೂವತ್ತೈದು ವರ್ಷ, ಅಂಗಡಿಯವರು ಬರೆದುಕೊಟ್ಟ ಆನೆ, ಅರಮನೆಗಳನ್ನೇ ಕೂರಿಸಿದ್ದರು. ಈ ಹಲಗೆಯ ಮೇಲೆ ಮಾತ್ರ ದಿಮ್ಮಿ ಎಳೆಯುವ ಎತ್ತುಗಳು, ಗರಗಸ ಹಿಡಿದ ಇಬ್ಬರು, ಮರದ ಹೊಟ್ಟಿನ ಮಂಕರಿ ಹೊತ್ತ ಹೆಂಗಸು, ಕೊಡೆ ಹಿಡಿದು ನಿಂತ ಒಬ್ಬ ಯಜಮಾನರು ಮೂಡಿದ್ದರು.

"ಮೇಸ್ತ್ರೀ, ಕೇಳಿ ತಂದ್ರಾ?" ಎಂದರು ಪದ್ಮಾವತಿ.

"ಇಲ್ಲ ತಾಯಿ. ಕೇಳಿ, ಇಲ್ಲ ಅಂದ್ಬುಟ್ರೆ ಆಮೇಲೆ ತರಕ್ಕೆ ನಾಚಿಕೆ ಆಗೋದು."

"ಸಾವ್ಕಾರ್ರು ಕೊಟ್ರು ಅಂದ್ರಲ್ಲಾ ನೀವು!" ಚಲುವಮ್ಮ ಎಸೆದ ಸೀಮೆಸುಣ್ಣ ಗುರಿ ತಪ್ಪಿ ಸಿದ್ದೇಶನ ಟೋಪಿಗೆ ಬಡಿಯಿತು.

2.05ಕ್ಕೆ ಪುಟ್ಟಮಾದಯ್ಯನವರ ಬಂಧನ, ಹಲಗೆ ಜಪ್ತಿ. ಮರುದಿನ ಜಾಮೀನು ಸಿಕ್ಕಿತು.

ಹಲಗೆ ಗುರುತಿಸಲು ಠಾಣೆಗೆ ಬಂದ ವಾಗೀಶ ಅದರ ಮೇಲಿನ ಸೀಮೆಸುಣ್ಣದ ಚಿತ್ರವನ್ನು ಬಗ್ಗಿ ನೋಡಿದರು. ಗಂಡನ ಜೊತೆ ರುಜು ಹಾಕಲು ಬಂದಿದ್ದ ಚಲುವಮ್ಮನನ್ನು ಕೇಳಿದರು:

"ಇಲ್ಲಿ ಕೊಡೆ ಹಿಡಿದು ನಿಂತಿರೋರು ಯಾರಮ್ಮ?"

"ನಿಮ್ಮ ತಂದೆ. ಬೀಟೆ ಕೊಯ್ಯೋ ದಿನ ತಾವೇ ಬಂದು ನಿಂತ್ಕೊಳೋರು."

ವಾರದೊಳಗೆ ಪ್ರಕರಣ ನ್ಯಾಯಾಲಯದಲ್ಲಿ ರಾಜಿಯಾಯಿತು. ವಾಗೀಶ ರೆಸಾರ್ಟಿನವರಿಗೆ ಪ್ಲೈವುಡ್ ಹಾಕಿಸಿಕೊಳ್ಳಲು ಹೇಳಿ, ಹಲಗೆಯನ್ನು ತಾವೇ ಬನ್ನಿಮಂಟಪಕ್ಕೆ ತಲುಪಿಸಿದರು.

ಕಡತ ಕಟ್ಟುವ ಮುನ್ನ ಪದ್ಮಾವತಿ ಮೇಸ್ತ್ರಿಯ ಹೇಳಿಕೆಯನ್ನು ಮತ್ತೊಮ್ಮೆ ಓದಿದರು. ಒಂದಕ್ಷರವನ್ನೂ ತಿದ್ದದೆ ಬರೆದುಕೊಂಡಿದ್ದರು: "ನಾನು ಕೊಯ್ದ ಮರ ಎಲ್ಲಾ ಬೇರೆಯೋರ ಮನೆ ಸೇರ್ತು. ಅವಳು ಕೂರಿಸಿದ ಆನೆಗಳು ವಿಮಾನ ಹತ್ತಿ ಹೋದ್ವು. ಅವಳಿಷ್ಟದ ಚಿತ್ರ ಒಂದಾದ್ರೂ ಮಾಡ್ಲಿ ಅನ್ನಿಸ್ತು."