ಅತ್ತೆಯ ಹಸಿರು ಪುಡಿ

"ಬಾಯಿ ತೆಗಿ ಅಪ್ಪ. ಒಂದೇ ಒಂದು ಚಮಚ."

ಅತ್ತೆ ಹೀಗೆ ಕೇಳುತ್ತಿದ್ದುದು ಎಷ್ಟನೆಯ ಸಲವೋ. ಅಜ್ಜ ತುಟಿ ಬಿಗಿಹಿಡಿದು ಕೂತಿದ್ದರು. ಅವರ ಗದ್ದದ ಕೆಳಗೆ ಟವೆಲ್ ಹಿಡಿದು ಕಡ್ಡಿ ನಿಂತಿದ್ದಳು. ಅವಳಿಗೆ ಕಡ್ಡಿ ಅಂತ ಹೆಸರಿಟ್ಟವರು ಅಜ್ಜನೇ. ಹುಟ್ಟಿದಾಗ ಅಷ್ಟು ಸಣಕಲಾಗಿದ್ದಳಂತೆ. ಈಗ ಅಜ್ಜನಿಗೆ ಆ ಹೆಸರೂ ನೆನಪಿಲ್ಲ.

"ಅಜ್ಜ, ಇಲ್ನೋಡಿ. ಹೀಗೆ ಆ ಅನ್ನಿ," ಎಂದು ಕಡ್ಡಿ ತಾನೇ ಬಾಯಿ ಅಗಲಿಸಿ ತೋರಿಸಿದಳು.

ಅಜ್ಜ ನಕ್ಕರು. ಅದೇ ಸಮಯ ಅಂತ ಅತ್ತೆ ಚಮಚ ತೂರಿಸಿದರು. ಮರುಗಳಿಗೆಯಲ್ಲಿ, ಜೇನಿನಲ್ಲಿ ಕಲಸಿದ ಹಸಿರು ಪುಡಿಯೆಲ್ಲ ಕಡ್ಡಿಯ ಯೂನಿಫಾರ್ಮ್ ಮೇಲಿತ್ತು.

"ಅತ್ತೆ, ನಾಳೆಗೆ ಬೇರೆ ಶರ್ಟ್ ಇಲ್ಲ."

"ಒಗೆದು ಕೊಡ್ತೀನಿ ಬಿಡು." ಅತ್ತೆಯ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. ಆಗಲೇ ಅವರು ಇನ್ನೊಂದು ಚಮಚ ಪುಡಿ ಕಲಸತೊಡಗಿದ್ದರು.

ಅಜ್ಜ ದೊಡ್ಡದೊಂದು ಆಫೀಸ್ ಕಟ್ಟಡದಲ್ಲಿ ಲಿಫ್ಟ್ ನಡೆಸುತ್ತಿದ್ದವರು. ಈಗಲೂ ಯಾರಾದರೂ ಕೋಣೆಯೊಳಗೆ ಬಂದರೆ "ಎಷ್ಟನೇ ಮಹಡಿ?" ಎಂದು ಕೇಳುತ್ತಾರೆ. ಕಡ್ಡಿ "ಮೂರನೇದು" ಅಂದರೆ ಗಾಳಿಯಲ್ಲೇ ಬಟನ್ ಒತ್ತುತ್ತಾರೆ. ಮೊದಮೊದಲು ಮನೆಯವರೆಲ್ಲ ನಗುತ್ತಿದ್ದರು. ಈಗ ನಗುವುದಕ್ಕೂ ಎಲ್ಲರಿಗೂ ಸುಸ್ತು.

ಹೋದ ವರ್ಷ ಒಂದು ಬೆಳಿಗ್ಗೆ ಅಜ್ಜನಿಗೆ ಶರ್ಟಿನ ಗುಂಡಿ ಹಾಕಿಕೊಳ್ಳಲು ಬರಲೇ ಇಲ್ಲ. ಆಸ್ಪತ್ರೆಯಲ್ಲಿ ಡಾಕ್ಟರ್ ಎಲ್ಲರಿಗೂ ಅರ್ಥವಾಗುವ ಹಾಗೆ ಹೇಳಿದ್ದರು. "ಮಿದುಳಿಗೆ ರಕ್ತ ಒಯ್ಯೋ ಸಣ್ಣ ಸಣ್ಣ ನಾಳಗಳು ಕಟ್ಟಿಕೊಂಡಿವೆ. ರಕ್ತ ಸಿಗದ ಜಾಗ ಸತ್ತುಹೋಗುತ್ತೆ. ಹೋದ ನೆನಪನ್ನ ವಾಪಸ್ ತರೋ ಔಷಧಿ ಇಲ್ಲ. ಆದ್ರೆ ಈ ಬಿಪಿ ಮಾತ್ರೆ ಮಾತ್ರ ತಪ್ಪಿಸ್ಬೇಡಿ. ಮತ್ತೆ ಕಟ್ಟಿಕೊಳ್ಳದ ಹಾಗೆ ತಡೆಯೋಕೆ ಅದು ಬೇಕೇ ಬೇಕು."

ಔಷಧಿ ಇಲ್ಲ ಅನ್ನುವ ಮಾತು ಅತ್ತೆಯ ಕಿವಿಗೆ ಬಿದ್ದರೂ ಒಳಗಿಳಿಯಲಿಲ್ಲ. ಕಡ್ಡಿಯ ಅಪ್ಪ ಅಮ್ಮ ಇಬ್ಬರೂ ಕೆಲಸ ಮುಗಿಸಿ ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಹಾಗಾಗಿ ಅತ್ತೆ ತಮ್ಮ ಬೇಕರಿ ಕೆಲಸ ಬಿಟ್ಟು ಅಜ್ಜನನ್ನು ನೋಡಿಕೊಳ್ಳುತ್ತಿದ್ದರು. ಯಾರು ಏನು ಹೇಳಿದರೂ ಅದನ್ನು ತರುತ್ತಿದ್ದರು. ಮೊದಲು ತಲೆಗೆ ಹಚ್ಚುವ ಎಣ್ಣೆ ಬಂತು. ಇಡೀ ಮನೆ ಗಬ್ಬೆಂದಿತು. ಆಮೇಲೆ ಒಳಗೆಲ್ಲ ಮ್ಯಾಗ್ನೆಟ್ ಹೊಲಿದ ಟೋಪಿ ಬಂತು. ಅಜ್ಜ ಅದನ್ನು ತೆಗೆದು ತೆಗೆದು ಫ್ರಿಜ್ಜಿಗೆ ಅಂಟಿಸುತ್ತಿದ್ದರು.

ಪುಡಿ ಬಂದಿದ್ದು ಕೊನೆಗೆ. ಅದನ್ನು ಕೊಡುವವರು ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿದ್ದರು. ಪುಡಿ ತಿನ್ನಿಸಿದರೂ ಗುಣ ಕಾಣದೆ ಶನಿವಾರ ಅತ್ತೆ ಅಜ್ಜನ ಜೊತೆ ಕಡ್ಡಿಯನ್ನೂ ಕರೆದುಕೊಂಡು ಹೋದರು. ಮೆಟ್ಟಿಲು ಹತ್ತಿಸುವಷ್ಟರಲ್ಲಿ ಮೂವರಿಗೂ ಸಾಕುಸಾಕಾಯಿತು.

ಪುಡಿಯವರು ಅಜ್ಜನ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿದರು. "ಆಸ್ಪತ್ರೆ ಮಾತ್ರೆ ತಗೋತಾರಾ?"

"ಹೌದು, ಬಿಪಿದು."

"ಅದಕ್ಕೇ ಪುಡಿ ಹಿಡೀತಿಲ್ಲ. ಅದನ್ನ ನಿಲ್ಲಿಸಿ."

ಅತ್ತೆ ಅಜ್ಜನ ಶರ್ಟಿನ ಕಾಲರ್ ಸರಿಮಾಡಿದರು. "ನಿಲ್ಲಿಸಿದ್ರೆ ಇವರಿಗೆ ನನ್ನ ಗುರುತು ಸಿಗುತ್ತಾ?"

"ಯಾಕೆ ಸಿಗಲ್ಲ?" ಎಂದು ಅವರು ಇನ್ನೊಂದು ಪೊಟ್ಟಣ ಕಟ್ಟಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆ ಕಡ್ಡಿಯ ಕಡೆ ತಿರುಗದೆಯೇ ಹೇಳಿದರು. "ಮಾತ್ರೆ ವಿಷಯ ನಿಮ್ಮಪ್ಪಂಗೆ ಹೇಳ್ಬೇಡ. ಸುಮ್ನೆ ಗಾಬರಿ ಆಗ್ತಾನೆ."

"ಡಾಕ್ಟರ್ ತಪ್ಪಿಸ್ಬೇಡಿ ಅಂದಿದ್ರಲ್ಲ, ಅತ್ತೆ?"

"ಸ್ವಲ್ಪ ದಿನ ನೋಡೋಣ ಪುಟ್ಟಿ. ಇದೊಂದು ಸಲ."

ಕಡ್ಡಿ ಹೂಂ ಅಂದಳು. ಆದರೆ ಸೋಮವಾರವೂ ಅವಳಿಗೆ ಅದೇ ಯೋಚನೆ. ಕ್ಲಾಸಿನಲ್ಲಿ ಟೀಚರ್ ಹೆಸರು ಕರೆದರೂ ಕೇಳಿಸಲಿಲ್ಲ. ಆಟದ ಪಿರಿಯಡ್‌ನಲ್ಲಿ ಹೊಟ್ಟೆನೋವು ಅಂತ ಒಂದು ಕಡೆ ಕೂತಳು. ಅತ್ತೆ ಬೆಳಿಗ್ಗೆ ಮಾತ್ರೆ ಬಿಡಿಸಿ ಸಿಂಕಿಗೆ ಹಾಕಿ ನಲ್ಲಿ ತಿರುಗಿಸುವುದನ್ನು ಅವಳು ದಿನಾ ನೋಡುತ್ತಿದ್ದಳು. ಅಪ್ಪ ಖಾಲಿಯಾಗುತ್ತಿದ್ದ ಮಾತ್ರೆಯ ಪಟ್ಟಿ ನೋಡಿ, "ತಪ್ಪದೆ ಕೊಡ್ತಿದ್ದೀಯ ಅಕ್ಕ. ನೀನಿಲ್ಲದಿದ್ರೆ ನಮ್ಮ ಗತಿ ಏನಾಗ್ತಿತ್ತೋ," ಎನ್ನುತ್ತಿದ್ದರು. ಅತ್ತೆ ಪಾತ್ರೆ ಉಜ್ಜುತ್ತಲೇ ಇರುತ್ತಿದ್ದರು.

ಬುಧವಾರ ಕಡ್ಡಿ ಶಾಲೆಯಿಂದ ಬಂದಾಗ ಅಜ್ಜ ಕೋಣೆಯ ನಡುವೆ ನಿಂತಿದ್ದರು. ಮುಖ ಕೆಂಪಾಗಿತ್ತು. ಒಂದು ಕೈಯಿಂದ ಗೋಡೆ ಹುಡುಕುತ್ತಿದ್ದರು.

"ಅಜ್ಜ, ಏನಾಯ್ತು?"

"ತಲೆ," ಅಂದರು ಅಜ್ಜ. "ತಲೆ ಸಿಡೀತಿದೆ." ಮುಂದಿನ ಮಾತು ತೊದಲಿತು.

ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಅತ್ತೆ ಓಡಿಬಂದು ಅಜ್ಜನನ್ನು ಮಂಚದ ಮೇಲೆ ಕೂರಿಸಿದರು. "ಬಿಸಿಲಿಗೆ ಹೀಗಾಗಿದೆ. ಈಗ ಸರಿಹೋಗುತ್ತೆ," ಎಂದು ಬೀಸತೊಡಗಿದರು.

ಕಡ್ಡಿ ಅತ್ತೆಯ ಮುಖ ನೋಡಿದಳು. ಮೇಜಿನ ಮೇಲಿದ್ದ ಫೋನ್ ತೆಗೆದುಕೊಂಡು ಅಲ್ಲೇ ಅತ್ತೆಯ ಎದುರಿಗೇ ಅಪ್ಪನಿಗೆ ಕಾಲ್ ಮಾಡಿದಳು.

"ಅಪ್ಪ, ಅಜ್ಜಂಗೆ ಏನೋ ಆಗ್ತಿದೆ. ಬೇಗ ಬನ್ನಿ." ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. "ಆಮೇಲೆ ಅಪ್ಪ, ಅಜ್ಜ ಬಿಪಿ ಮಾತ್ರೆ ತಗೋತಿಲ್ಲ. ಶನಿವಾರದಿಂದ."

ಅತ್ತೆಯ ಕೈಯಲ್ಲಿದ್ದ ಬೀಸಣಿಗೆ ನಿಂತಿತು.

ಆಸ್ಪತ್ರೆಯಲ್ಲಿ ತುಂಬಾ ಹೊತ್ತು ಕಾಯಬೇಕಾಯಿತು. ಬಿಪಿ ವಿಪರೀತ ಏರಿತ್ತು. ಹೊಸದಾಗಿ ಯಾವ ನಾಳವೂ ಕಟ್ಟಿಕೊಂಡಿರಲಿಲ್ಲ. "ಬೇಗ ಕರಕೊಂಡು ಬಂದಿದ್ದು ಒಳ್ಳೇದಾಯ್ತು," ಎಂದು ಡಾಕ್ಟರ್ ಅದೇ ಮಾತ್ರೆಯನ್ನು ಮತ್ತೆ ಬರೆದುಕೊಟ್ಟರು.

ಕಾರಿಡಾರಿನ ಬೆಂಚಿನ ಮೇಲೆ ಅಪ್ಪ ಅತ್ತೆಯ ಪಕ್ಕ ಕೂತರು. ಅಪ್ಪ ಬೈಯುತ್ತಾರೆ ಅಂತ ಕಡ್ಡಿ ಕಾದಳು. ಅಪ್ಪ ಬೈಯಲಿಲ್ಲ. ಮುಖ ಮಾತ್ರ ಉಜ್ಜಿಕೊಂಡರು.

"ಯಾಕಕ್ಕ?"

"ನಿಂಗೇನೋ ಗೊತ್ತು?" ಅಂದರು ಅತ್ತೆ. "ನೀನು ಸಂಜೆ ಬರ್ತೀಯ. ನಾನು ಬೆಳಗಿಂದ ಸಂಜೆ ತನಕ ಅವರ ಜೊತೆ ಇರ್ತೀನಿ. ಊಟ ಮಾಡಿಸ್ತೀನಿ, ಸ್ನಾನ ಮಾಡಿಸ್ತೀನಿ. ನೀನ್ಯಾರಮ್ಮ ಅಂತ ಕೇಳ್ತಾರೆ. ದಿನಾ ಕೇಳ್ತಾರೆ."

ಅಪ್ಪ ಅತ್ತೆಯ ಕೈ ಹಿಡಿದುಕೊಂಡರು. ಇಬ್ಬರೂ ಹಾಗೇ ಕೂತಿದ್ದರು. ಕಡ್ಡಿ ಗೋಡೆಗೆ ಒರಗಿ ನಿಂತಳು.

ಆ ವಾರವೆಲ್ಲ ಅತ್ತೆ ಕಡ್ಡಿಯ ಜೊತೆ ಅಗತ್ಯವಿದ್ದಷ್ಟೇ ಮಾತಾಡಿದರು. ಶೂ ಎಲ್ಲಿ, ಊಟಕ್ಕೆ ಬಾ, ಅಷ್ಟೇ. ಆದರೆ ಬೆಳಿಗ್ಗೆ ಮಾತ್ರೆ ಕೊಡುವಾಗ ಮಾತ್ರ, "ಕಡ್ಡಿ, ಬಾ ಇಲ್ಲಿ," ಎಂದು ಕರೆದು ಅವಳ ಎದುರಿಗೇ ಅಜ್ಜನಿಗೆ ನುಂಗಿಸುತ್ತಿದ್ದರು.

ಭಾನುವಾರ ಕಡ್ಡಿ ಕಿಟಕಿಯ ಬಳಿ ಹೋಮ್‌ವರ್ಕ್ ಮಾಡುತ್ತಿದ್ದಳು. ಅತ್ತೆ ನೆಲದ ಮೇಲೆ ಕೂತು ಅಜ್ಜನ ಪಾದವನ್ನು ಮಡಿಲಿಗೆ ಎಳೆದುಕೊಂಡು ಉಗುರು ಕತ್ತರಿಸುತ್ತಿದ್ದರು.

"ನೋಯ್ತಿದೆಯಾ?"

"ಇಲ್ಲಮ್ಮ. ನಿಮ್ಮ ಕೈ ಎಷ್ಟು ಮೃದು." ಅಜ್ಜ ಅತ್ತೆಯನ್ನೇ ದಿಟ್ಟಿಸಿದರು. "ನಿಮಗೆ ತಂದೆ ಇದ್ದಾರಾ?"

ಅತ್ತೆಯ ಕೈಯ ನೇಲ್ ಕಟರ್ ನಿಂತಿತು. 'ಅಜ್ಜ, ಅವರು ನಿಮ್ಮ ಮಗಳೇ' ಎಂದು ಹೇಳಲು ಕಡ್ಡಿ ಬಾಯಿ ತೆರೆದಳು.

"ಇದ್ದಾರೆ," ಅಂದರು ಅತ್ತೆ. "ತುಂಬಾ ಒಳ್ಳೆಯವರು. ಸ್ವಲ್ಪ ಹಟ ಜಾಸ್ತಿ."

"ವಯಸ್ಸಾದವರಲ್ಲವಾ. ಚೆನ್ನಾಗಿ ನೋಡ್ಕೊಳ್ಳಿ ಅವರನ್ನ."

"ಹೂಂ. ನೋಡ್ಕೋತೀನಿ. ಆ ಕಾಲು ಕೊಡಿ."

ಅಜ್ಜ ಇನ್ನೊಂದು ಕಾಲು ಚಾಚಿದರು.

ಕಡ್ಡಿ ಕಿಟಕಿಯ ಬಳಿಯಿಂದ ಎದ್ದಳು. ಪುಸ್ತಕ ಬದಿಗಿಟ್ಟು ಬಂದು ಅತ್ತೆಗೆ ತಾಗಿ ಕೂತಳು. ನೆಲದ ಮೇಲೆ ಸಿಡಿದಿದ್ದ ಉಗುರಿನ ಚೂರುಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು. ಅತ್ತೆ ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿಕೊಟ್ಟರು.