ತುಂಬಿಯೇ ಉಳಿದ ಚಿಕ್ಕ ಬ್ಯಾಟರಿ

“ಯಂತ್ರ ನಾನೇ ಮಾಡಿದ್ದು, ಸರ್. ಆದರೆ ಆ ಮನುಷ್ಯನನ್ನ ಗುಂಡಿಗೆ ಇಳಿಸಿದ್ದು ನಾನಲ್ಲ.”

ಬಾಗಿಲಲ್ಲಿ ನಿಂತಿದ್ದ ಯುವತಿಯ ಬಟ್ಟೆಯಿಂದ ಚರಂಡಿಯ ನಾತ ಹೊಡೆಯುತ್ತಿತ್ತು. ನನ್ನ ಸೋದರಮಾವ ಮೂಗು ಮುಚ್ಚಿಕೊಳ್ಳದೆ ಕುರ್ಚಿ ಎಳೆದುಕೊಟ್ಟರು. ಬೀದಿಯವರ ಬಾಯಲ್ಲಿ ಅವರು ‘ಭೂತಗನ್ನಡಿ’. ಪೊಲೀಸರು ತಲೆ ಕೆರೆದುಕೊಂಡು ಅವರ ಬಳಿ ಬಂದಾಗಲೆಲ್ಲ ಚೀಲ ಹೊರುವ ಕೆಲಸ ನನ್ನದು.

ಮನುಷ್ಯರು ಚರಂಡಿಗೆ ಇಳಿಯುವುದು ತಪ್ಪಲಿ ಎಂದು ಅವಳು ತನ್ನ ಭಾವನ ವರ್ಕ್‌ಶಾಪಿನಲ್ಲಿ ಒಂದು ರೋಬೋಟ್ ಕಟ್ಟಿದ್ದಳು. ವರ್ಕ್‌ಶಾಪಿನಲ್ಲಿ ಅದು ಚೆನ್ನಾಗಿಯೇ ಓಡಿತ್ತು. ಹಿಂದಿನ ದಿನ ಎಲ್ಲರೆದುರು ಗುಂಡಿಗೆ ಇಳಿಸಿದಾಗ ಮಾತ್ರ, ಹೂಳಿಗೆ ಚಕ್ರ ತಾಗಿದ್ದೇ ತಡ, ಅದರ ದೀಪ ಆರಿತು, ಹತ್ತಿತು, ಮತ್ತೆ ಆರಿತು. ಯಂತ್ರ ಅಲ್ಲೇ ಸಿಕ್ಕಿಕೊಂಡಿತು. ಅದನ್ನು ಎತ್ತಲು ಇಳಿದ ಕೆಲಸಗಾರ ವಿಷಗಾಳಿಗೆ ಮೂರ್ಛೆ ಹೋಗಿ ಆಸ್ಪತ್ರೆ ಸೇರಿದ್ದ.

“ಇಳಿ ಅಂದವರು ಯಾರು?”

“ಚರಂಡಿ ಕ್ಲೀನಿಂಗಿನ ಗುತ್ತಿಗೆದಾರ. ನಾನು ಬೇಡ ಬೇಡ ಅಂತ ಕೂಗಿದೆ.”

“ನಿಮ್ಮ ಭಾವ?”

“ಪಕ್ಕದಲ್ಲೇ ಇದ್ರು. ಏನೂ ಹೇಳಲಿಲ್ಲ.”

ಆ ಗುಂಡಿಯ ಬಳಿಯೇ ಸಿಕ್ಕ ಗುತ್ತಿಗೆದಾರ ಅತ್ತರಿನ ಕರವಸ್ತ್ರ ಮೂಗಿಗೊತ್ತಿಕೊಂಡೇ ಮಾತಾಡಿದ. “ಆ ಯಂತ್ರ ನನ್ನ ಹೊಟ್ಟೆ ಮೇಲೆ ಹೊಡೆಯೋದು, ನಿಜ. ಆದರೆ ನಾನು ಮುಟ್ಟಿಲ್ಲ. ಒಂದು ಬಲ್ಬ್ ಹಾಕೋಕೂ ನನಗೆ ಬರಲ್ಲ. ಇನ್ನು ಆ ಕೆಲಸದವನಾ? ಅವನಿಗೆ ಅದೆಲ್ಲ ಅಭ್ಯಾಸ ಬಿಡಿ.”

ಚರಂಡಿಯ ನಾತಕ್ಕಿಂತ ಆ ಅತ್ತರೇ ನನಗೆ ಹೆಚ್ಚು ಹೇಸಿಗೆ ಅನ್ನಿಸಿತು.

ಪೊಲೀಸರು ಮೊಹರು ಹಾಕಿಟ್ಟಿದ್ದ ಯಂತ್ರವನ್ನು ಇನ್ಸ್‌ಪೆಕ್ಟರ್ ಎದುರಲ್ಲೇ ಮಾವ ಬಿಚ್ಚಿದರು. ಕಪ್ಪು ಲೋಳೆ ಬೆರಳಿಗೆ ಅಂಟಿತು. ಒಳಗೆ ಎರಡು ಬ್ಯಾಟರಿಗಳು: ದೊಡ್ಡದು ಚಕ್ರದ ಮೋಟಾರಿಗೆ, ಚಿಕ್ಕದು ಯಂತ್ರದ ಮಿದುಳಾದ ಪುಟ್ಟ ಕಂಪ್ಯೂಟರ್ ಬೋರ್ಡಿಗೆ. ಮಾವ ಮೀಟರ್ ಹಚ್ಚಿದರು. ಚಿಕ್ಕದರ ಚಾರ್ಜು ಪೂರ್ತಿ ತುಂಬಿಯೇ ಇತ್ತು. ಬೋರ್ಡಿಗೆ ಹೋಗುವ ವೈರಿನ ಒಂದು ಕಡೆ ಅಚ್ಚುಕಟ್ಟಾದ ಬೆಸುಗೆ, ಅದರ ಮೇಲೆ ಕಪ್ಪು ಟೇಪು. ಟೇಪಿನ ತುದಿಯನ್ನು ಒಳಮಡಿಕೆ ಮಾಡಿ ಒತ್ತಿದ್ದರು.

ಸಂಜೆ ಎಲ್ಲರೂ ವರ್ಕ್‌ಶಾಪಿನಲ್ಲಿ ಸೇರಿದೆವು. ಯುವತಿ, ಅವಳ ಅಕ್ಕ, ಗುತ್ತಿಗೆದಾರ, ಇನ್ಸ್‌ಪೆಕ್ಟರ್. ಭಾವ ಎಲ್ಲರಿಗೂ ಚಹಾ ಕೊಟ್ಟ. ಮುರಿದಿದ್ದ ಅವನ ಕನ್ನಡಕದ ಕಡ್ಡಿಗೆ ಕಪ್ಪು ಟೇಪು ಸುತ್ತಿತ್ತು.

“ಅಷ್ಟು ಹೊತ್ತು ಬೋರ್ಡನ್ನು ನಡೆಸಿದ ಚಿಕ್ಕ ಬ್ಯಾಟರಿ ತುಂಬಿಯೇ ಇರೋದು ಹೇಗೆ?” ಮಾವ ಶುರುಮಾಡಿದರು. “ಅದು ಬೋರ್ಡನ್ನು ನಡೆಸಲೇ ಇಲ್ಲ. ಯಾರೋ ಬೋರ್ಡಿನ ವೈರನ್ನು ಮೋಟಾರಿನ ಬ್ಯಾಟರಿಗೆ ತಿರುಗಿಸಿದ್ದಾರೆ. ಇಲ್ಲಿ ನುಣುಪು ನೆಲದ ಮೇಲೆ ತೊಂದರೆ ಇಲ್ಲ. ಹೂಳಲ್ಲಿ ಚಕ್ರ ತಿಣುಕಿದಾಗ ಮೋಟಾರು ಇದ್ದ ಶಕ್ತಿಯನ್ನೆಲ್ಲ ಎಳೆದುಕೊಳ್ಳುತ್ತೆ, ವೋಲ್ಟೇಜ್ ಕುಸಿಯುತ್ತೆ, ಬೋರ್ಡು ಕಣ್ಣು ಮುಚ್ಚುತ್ತೆ. ಮೋಟಾರು ನಿಂತೊಡನೆ ಮತ್ತೆ ಕಣ್ಣು ಬಿಡುತ್ತೆ. ದೀಪ ಆರಿ ಹತ್ತಿದ್ದು ಅದಕ್ಕೇ.”

“ನೋಡಿ, ಈ ಗುತ್ತಿಗೆದಾರನದೇ ಕೆಲಸ!” ಭಾವ ಎಗರಿದ.

“ಬಲ್ಬ್ ಹಾಕಲು ಬಾರದವನು ಇಂಥ ಬೆಸುಗೆ ಹಾಕಲ್ಲ. ಟೇಪಿನ ತುದಿಯನ್ನ ಹೀಗೆ ಒಳಮಡಚೋ ಅಭ್ಯಾಸವೂ ಎಲ್ಲರಿಗಿಲ್ಲ. ಸ್ವಲ್ಪ ಕನ್ನಡಕ ತೆಗೀತೀರಾ?” ಮಾವ ಭಾವನ ಕಡೆ ತಿರುಗಿದರು.

ಇನ್ಸ್‌ಪೆಕ್ಟರ್ ಕೈ ಚಾಚಿದರು. ಕಡ್ಡಿಯ ಮೇಲೂ ಅದೇ ಒಳಮಡಿಕೆ.

ಭಾವನ ಮುಖ ಸುಟ್ಟ ಬದನೆಕಾಯಿಯಂತಾಯಿತು. “ಜಾಗ ನನ್ನದು, ಉಪಕರಣ ನನ್ನವು, ಹೆಸರು ಮಾತ್ರ ಇವಳದು! ಒಂದು ಸಲ ಕೆಟ್ಟು ನಿಲ್ಲಲಿ, ಆಮೇಲೆ ನಾನೇ ಸರಿಮಾಡಿ ತೋರಿಸೋಣ ಅಂತಿದ್ದೆ, ಅಷ್ಟೇ.”

“ಕೆಟ್ಟು ನಿಂತರೆ ಎತ್ತೋಕೆ ಒಬ್ಬ ಇಳೀತಾನೆ ಅಂತ ಗೊತ್ತಿತ್ತಲ್ಲ?” ಮಾವ ಕೇಳಿದರು.

“ಅವರು ದಿನಾ ಇಳಿಯೋರೇ ತಾನೆ? ಅವನೇನು ಸತ್ತಿಲ್ಲವಲ್ಲ!”

ಗುತ್ತಿಗೆದಾರ ಕೂಡ ಕರವಸ್ತ್ರ ಕೆಳಗಿಳಿಸಿ ಅವನನ್ನು ನೋಡಿದ. ನಾನು ಬಾಯಲ್ಲಿದ್ದ ಚಹಾವನ್ನು ಹೊರಗೆ ಹೋಗಿ ಉಗಿದು ಬಂದೆ.

ಯುವತಿಯ ಅಕ್ಕ ಎದ್ದು ಗಂಡನೆದುರು ನಿಂತಳು. ಅಳಲಿಲ್ಲ, ಕೂಗಲಿಲ್ಲ.

“ಸ್ಟೇಷನ್ನಿಗೆ ಆಮೇಲೆ ಕರ್ಕೊಂಡು ಹೋಗಿ, ಸಾಹೇಬ್ರೇ,” ಎಂದಳು ಇನ್ಸ್‌ಪೆಕ್ಟರಿಗೆ. “ಮೊದಲು ಆಸ್ಪತ್ರೆಗೆ ನಡೀರಿ. ಈಗ ಹೇಳಿದ ಮಾತನ್ನ ಇವರು ಆ ಮನುಷ್ಯನ ಹೆಂಡತಿ ಮುಖ ನೋಡಿ ಇನ್ನೊಂದು ಸಲ ಹೇಳಲಿ.”