ಅಪ್ಪನ್ನೇ ಕೇಳಿ

"ಅಪ್ಪಾ, ಮೀನಿನ ತಲೆ ತಿನ್ನು. ಆರಿಹೋಗುತ್ತೆ," ಅಂದಳು ಎಲಿಸಪಿ ಅಜ್ಜಿ.

ಊಟಕ್ಕೆ ಬಂದಿದ್ದ ಕ್ಲೇರ್ ಬಾಗಿಲ ಕಡೆ ತಿರುಗಿ ನೋಡಿದಳು. ಅಲ್ಲಿ ಯಾವ ಅಪ್ಪನೂ ಇರಲಿಲ್ಲ. ಅಜ್ಜಿ ಕರೆದದ್ದು ಎದುರಿಗೇ ಕೂತಿದ್ದ ಮೊಮ್ಮಗಳನ್ನ, ಹತ್ತು ವರ್ಷದ ಇಪೀಲಿಯನ್ನ.

"ಅಜ್ಜೀ, ಪ್ಲೀಸ್! ಹೊರಗಿನವರ ಮುಂದೆ ಹಂಗೆ ಕರೀಬೇಡ," ಅಂದಳು ಇಪೀಲಿ. ಅವಳ ಕಿವಿ ಕೆಂಪಾಗಿತ್ತು.

"ಯಾಕೆ? ನನ್ನ ಅಪ್ಪನ ಹೆಸರು ಇಪೀಲಿ. ನಿನಗೆ ಇಟ್ಟಿದ್ದೂ ಅದೇ ಹೆಸರು. ಅಪ್ಪ ಅನ್ನದೆ ಇನ್ನೇನನ್ನಲಿ?" ಅಜ್ಜಿ ಬೇಯಿಸಿದ ಮೀನಿನ ತಲೆಯನ್ನ ಅವಳ ತಟ್ಟೆಯ ನಡುವಿಗೆ ತಳ್ಳಿದಳು. "ಅಪ್ಪನಿಗೆ ಮೀನಿನ ತಲೆ ಅಂದ್ರೆ ಪ್ರಾಣ."

ಮೀನಿನ ತಲೆ ಇಪೀಲಿಯನ್ನೇ ದುರುಗುಟ್ಟಿಕೊಂಡು ನೋಡುತ್ತಿತ್ತು. ಅವಳು ಅದನ್ನ ಮೆಲ್ಲಗೆ ತಟ್ಟೆಯ ಅಂಚಿಗೆ ಸರಿಸಿದಳು.

ಆ ಊರಲ್ಲಿ ಇದೇನೂ ಹೊಸದಲ್ಲ ಬಿಡಿ. ತೀರಿಕೊಂಡವರ ಹೆಸರನ್ನ ಮಗುವಿಗೆ ಇಟ್ಟರೆ ಅವರೇ ವಾಪಸು ಬಂದ ಹಾಗೆ. ಅವಳ ಗೆಳೆಯ ಜೂಸಿಯನ್ನ ಅವನ ಅಮ್ಮ "ಚಿಕ್ಕಮ್ಮಾ" ಅಂತ ಕರೀತಾಳೆ. ಅವನೋ, ಹಾಕಿ ಆಡುತ್ತಲೇ "ಏನೇ?" ಅಂತ ಓಗೊಡುತ್ತಾನೆ. ಅವನಿಗೆ ನಾಚಿಕೆ ಅನ್ನೋದೇ ಇಲ್ಲ.

ಕ್ಲೇರ್ ಟೊರೊಂಟೊದವಳು. ದೊಡ್ಡದೊಂದು ಟೆಲಿಸ್ಕೋಪಿಗೆ ಜಾಗ ಹುಡುಕಿಕೊಂಡು ಇಷ್ಟು ದೂರ, ಉತ್ತರದ ತುದಿಗೆ ಬಂದಿದ್ದಳು. ಚಳಿಗಾಲವೆಲ್ಲ ಬೆಟ್ಟಗುಡ್ಡದ ಮೇಲೆ ಕ್ಯಾಮೆರಾ ಇಟ್ಟು ಆಕಾಶ ಅಳೆದಿದ್ದಳು.

"ನಮ್ಮೂರೇ ಯಾಕೆ ಬೇಕಿತ್ತು?" ಅಂತ ಜೂಸಿ ಒಂದು ದಿನ ಸ್ಕೂಲಲ್ಲಿ ಕೇಳಿದ್ದ.

"ಇಲ್ಲಿ ಚಳಿಗಾಲದಲ್ಲಿ ಸೂರ್ಯ ತಿಂಗಳುಗಟ್ಟಲೆ ಮುಖ ತೋರಿಸಲ್ಲ ಅಲ್ವಾ? ಮಧ್ಯಾಹ್ನ ಕೂಡ ನಕ್ಷತ್ರ ನೋಡಬಹುದು. ಎತ್ತರದಲ್ಲಿ ಗಾಳಿ ಒಣಗಿರುತ್ತೆ, ಅಲ್ಲಾಡಲ್ಲ. ನನಗೆ ನಕ್ಷತ್ರ ಮಿನುಗಬಾರದು. ಮೊಳೆ ಹೊಡೆದ ಹಾಗೆ ನಿಂತಿರಬೇಕು."

"ಮಿನುಗದಿದ್ರೆ ಅದೆಂಥಾ ನಕ್ಷತ್ರ!" ಅಂದಿದ್ದ ಜೂಸಿ.

ಈಗ ಎರಡೇ ಜಾಗ ಉಳಿದಿದ್ದವು. ಒಂದು, ಹೆಪ್ಪುಗಟ್ಟಿದ ಕಡಲಿನಾಚೆಯ ದೊಡ್ಡಬೆಟ್ಟ. ಮಂಜು ಅಷ್ಟು ಎತ್ತರಕ್ಕೆ ಏರುವುದಿಲ್ಲ. ಆದರೆ ಹೆಲಿಕಾಪ್ಟರ್ ಇಲ್ಲದೆ ಅಲ್ಲಿಗೆ ಯಾರೂ ಹೋಗುವ ಹಾಗಿಲ್ಲ. ಇನ್ನೊಂದು, ಸ್ಕೂಲಿನ ಹಿಂದಿನ ಮೋಟುಗುಡ್ಡ. ಅಲ್ಲಿ ಆಕಾಶ ಸ್ವಲ್ಪ ಸುಮಾರು, ಆದರೂ ನಡೆಯುತ್ತೆ.

"ಮೋಟುಗುಡ್ಡ ಆದ್ರೆ ನಿಮ್ಮನ್ನೆಲ್ಲ ಕರೆದು ತೋರಿಸ್ತೀನಿ. ಗುರುಗ್ರಹದ ಚಂದ್ರಗಳನ್ನ ನೀವೇ ಕಣ್ಣಾರೆ ನೋಡಬಹುದು," ಅಂದಿದ್ದಳು ಕ್ಲೇರ್.

ಅವತ್ತಿನಿಂದ ಇಪೀಲಿಗೆ ಅದೇ ಧ್ಯಾನ. ಹಲ್ಲುಜ್ಜುವಾಗಲೂ ಗುರುವಿನ ಚಂದ್ರಗಳು. ಸಿಕ್ಕಿದವರಿಗೆಲ್ಲ "ಮೋಟುಗುಡ್ಡಾನೇ ಆಗಲಿ ಅನ್ನಿ, ಆಯ್ತಾ?" ಅಂತ ದುಂಬಾಲು ಬಿದ್ದಳು. ಅಜ್ಜಿಯ ಹತ್ತಿರವೂ ಹೇಳಿದಳು. ಅಜ್ಜಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಶನಿವಾರ ಸ್ಕೂಲಿನ ಹಾಲ್‌ನಲ್ಲಿ ಊರಿನ ಸಭೆ ಸೇರಿತು. ಹಿರಿಯ ಸೈಲಾ ಎದ್ದು ನಿಂತು ಕೇಳಿದ, "ಮೋಟುಗುಡ್ಡ ಕೊಡೋದಕ್ಕೆ ಯಾರದ್ದಾದರೂ ತಕರಾರಿದೆಯಾ?"

ಎಲಿಸಪಿ ಅಜ್ಜಿ ಮಂಡಿ ಹಿಡಿದುಕೊಂಡು ನಿಧಾನವಾಗಿ ಎದ್ದಳು.

"ಆ ಗುಡ್ಡದ ಮೇಲೆ ನನ್ನ ಅಪ್ಪ ಮಲಗಿದಾನೆ. ಅವನ ಮೇಲೆ ಕಲ್ಲು ಜೋಡಿಸಿದವಳು ನಾನು. ಕೊಡಿ ಅನ್ನೋಕೆ, ಬೇಡ ಅನ್ನೋಕೆ ನಾನ್ಯಾರು? ಅಪ್ಪನ್ನೇ ಕೇಳಿ. ಅಗೋ, ಅಲ್ಲಿ ಚಿಪ್ಸ್ ತಿಂತಾ ಕೂತಿದಾನೆ."

ಯಾರೂ ನಗಲಿಲ್ಲ. ಇಡೀ ಸಭೆ ಇಪೀಲಿಯ ಕಡೆ ತಿರುಗಿತು. ಬಾಯಲ್ಲಿದ್ದ ಚಿಪ್ಸ್ ಅಗಿಯಲೂ ಅವಳಿಗೆ ಧೈರ್ಯ ಸಾಲಲಿಲ್ಲ.

"ಇಪೀಲಿ, ನೀವೇನಂತೀರಿ?" ಅಂದ ಸೈಲಾ. ನೀವು! ಮೊನ್ನೆ ತಾನೇ ಅವನ ಕಿಟಕಿಗೆ ಹಿಮದುಂಡೆ ಎಸೆದು ಬೈಸಿಕೊಂಡಿದ್ದಳು.

ಜೂಸಿ ಪಕ್ಕೆಗೆ ತಿವಿದ. "ಹೂಂ ಅನ್ನೇ! ಒಂದೇ ಒಂದು ಹೂಂ!"

ಹೂಂ ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಅವಳು ಅಜ್ಜಿಯ ಮುಖ ನೋಡಿದಳು.

ಅಜ್ಜಿ ಮೊಮ್ಮಗಳನ್ನ ನೋಡುವ ಹಾಗೆ ನೋಡುತ್ತಿರಲಿಲ್ಲ. ಅಪ್ಪ ಏನು ಹೇಳ್ತಾನೋ ಅಂತ ಕಾಯುವ ಪುಟ್ಟ ಹುಡುಗಿಯ ಹಾಗೆ ನಿಂತಿದ್ದಳು. ತಾನು ಹೂಂ ಅಂದರೆ ಅಜ್ಜಿ ಎದುರು ಮಾತಾಡುವುದಿಲ್ಲ, ಸುಮ್ಮನೆ ಒಪ್ಪಿಕೊಂಡುಬಿಡುತ್ತಾಳೆ ಅಂತ ಇಪೀಲಿಗೆ ಗೊತ್ತಾಯಿತು. ಅದಕ್ಕೇ ಅವಳಿಗೆ ಭಯವಾಯಿತು.

ಗುಡ್ಡದ ಮೇಲಿನ ಆ ಕಲ್ಲುಗಳು ಅವಳಿಗೂ ಗೊತ್ತು. ಸೂರ್ಯ ವಾಪಸು ಬಂದ ಮೇಲೆ ಪ್ರತಿ ವರ್ಷ ಅಜ್ಜಿ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಹತ್ತಿ ಅಲ್ಲಿಗೆ ಹೋಗುತ್ತಾಳೆ. ಕಲ್ಲಿನ ಪಕ್ಕ ಕೂತು ಊರಿನ ಸುದ್ದಿಯನ್ನೆಲ್ಲ ಅಪ್ಪನಿಗೆ ಒಪ್ಪಿಸಿ ಬರುತ್ತಾಳೆ.

"ಕ್ಲೇರ್, ಟೆಲಿಸ್ಕೋಪ್ ಬಂದ ಮೇಲೆ ಗುಡ್ಡಕ್ಕೆ ಸ್ನೋಮೊಬೈಲಲ್ಲಿ ಹೋಗಬಹುದಾ?" ಅಂತ ಕೇಳಿದಳು ಇಪೀಲಿ.

ಕ್ಲೇರ್ ಸುಳ್ಳು ಹೇಳಲಿಲ್ಲ. "ಇಲ್ಲ ಕಣೇ. ಅದರ ಹೊಗೆ, ಬಿಸಿ, ದೀಪ ಯಾವುದೂ ಹತ್ತಿರ ಬರೋ ಹಾಗಿಲ್ಲ. ನಡ್ಕೊಂಡು ಬರಬಹುದು."

"ನಡೆಯೋಕಾಗಲ್ಲ," ಅಂದಳು ಇಪೀಲಿ. "ನನ್ನ ಮಗಳಿಗೆ ಮಂಡಿನೋವು."

ಅಜ್ಜಿ ತಲೆ ತಗ್ಗಿಸಿ ಕೋಟಿನ ತೋಳಿಂದ ಮೂಗು ಒರೆಸಿಕೊಂಡಳು.

"ದೊಡ್ಡಬೆಟ್ಟದ ಮೇಲೇ ಕಟ್ಟಿ," ಅಂದಳು ಇಪೀಲಿ. ಜೂಸಿ ಹಣೆ ಚಚ್ಚಿಕೊಂಡ.

"ಖರ್ಚು ಜಾಸ್ತಿ," ಅಂದಳು ಕ್ಲೇರ್. ಆಮೇಲೆ ನಕ್ಕಳು. "ಆದ್ರೆ ಅಲ್ಲಿ ನಕ್ಷತ್ರ ಇನ್ನೂ ಕಮ್ಮಿ ಮಿನುಗುತ್ತೆ. ಆಗಲಿ."

ಮುಂದಿನ ವಾರ ಅಜ್ಜಿ ಮೋಟುಗುಡ್ಡಕ್ಕೆ ಹೊರಟಾಗ ಇಪೀಲಿಯೂ ಹಿಂದೆ ಹತ್ತಿ ಕೂತಳು. ಮೇಲೆ ಬಿಸಿಲು ಚೆನ್ನಾಗಿ ಕಾಯುತ್ತಿತ್ತು. ದೂರದಲ್ಲಿ ದೊಡ್ಡಬೆಟ್ಟ ಬೆಳ್ಳಗೆ ಹೊಳೆಯುತ್ತಿತ್ತು. ಅವಳು ಅದನ್ನೇ ನೋಡುತ್ತಾ ಗುರುವಿನ ಚಂದ್ರಗಳನ್ನ ನೆನೆಸಿಕೊಂಡಳು.

ಅಜ್ಜಿ ಕಲ್ಲಿಗೆ ಒರಗಿ ಕೂತು ಸುದ್ದಿ ಹೇಳಲು ಶುರುಮಾಡಿದಳು. ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರ ನಾಯಿ ಕಳೆದುಹೋಯಿತು, ಎಲ್ಲಾ. ಆದರೆ ಈ ಸಲ ಅವಳು ಕಲ್ಲಿನ ಕಡೆ ತಿರುಗಿರಲಿಲ್ಲ, ಇಪೀಲಿಯ ಕಡೆ ತಿರುಗಿದ್ದಳು. ಇಪೀಲಿ ನಡುನಡುವೆ "ಹೌದಾ? ಆಮೇಲೆ?" ಅನ್ನುತ್ತಾ ಕೇಳಿಸಿಕೊಂಡಳು.

ಸುದ್ದಿ ಮುಗಿದ ಮೇಲೆ ಅಜ್ಜಿ ಡಬ್ಬಿ ತೆಗೆದಳು. "ತಗೋ ಅಪ್ಪಾ."

ಮೀನಿನ ತಲೆ! ಇಪೀಲಿ ಕಣ್ಣು ಮುಚ್ಚಿಕೊಂಡು ಕೆನ್ನೆಯ ಮಾಂಸವನ್ನ ಚೀಪಿದಳು. ಮೆತ್ತಗಿತ್ತು, ಸ್ವಲ್ಪ ಸಿಹಿ ಕೂಡ ಇತ್ತು.

ಅವಳು ಒಂದು ಕಣ್ಣು ತೆರೆದು ಡಬ್ಬಿಯೊಳಗೆ ಇಣುಕಿದಳು.

"ಇನ್ನೊಂದು ಇದೆಯಾ?"